ಬಾಣದ ಕೆಳಗೆ ನಿಂತವನು

ರೇಡಿಯೋದ ಹೆಂಗಸು ಬೆಳಿಗ್ಗೆ ಐದೂಮುಕ್ಕಾಲಿಗೆ ಹೇಳಿದ್ದನ್ನು ಕ್ಲೆಮ್ ನಾಸ್ಕಿ ಮಧ್ಯಾಹ್ನ ಹನ್ನೆರಡೂವರೆಯಾದರೂ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಒಳಗೊಳಗೇ ಒಪ್ಪಿಸುತ್ತ ಕೂತಿದ್ದ. ಉತ್ತರದ ಗೋಧಿ ಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ನಲವತ್ತನಾಲ್ಕು. ವಾಯುವ್ಯದಿಂದ ಬಿಸಿಗಾಳಿ, ಮಧ್ಯಾಹ್ನದ ಹೊತ್ತಿಗೆ ಗಂಟೆಗೆ ಎಪ್ಪತ್ತು ಕಿಲೋಮೀಟರ್. ಎರಡು ಗಂಟೆಯ ನಂತರ ಪಶ್ಚಿಮದಿಂದ ಗುಡುಗುಮೋಡ, ಮಳೆಯ ಸಂಭವ ಇಲ್ಲ, ಒಣ ಸಿಡಿಲು. ಆಮೇಲೆ ಗಾಳಿ ನೈಋತ್ಯಕ್ಕೆ ತಿರುಗುವುದು. ಬೆಂಕಿಯ ಅಪಾಯವನ್ನು ನಿನ್ನೆ ಸೂಚಿಸಿದ್ದ ಮೂರನೆಯ ಮಟ್ಟದಿಂದ ನಾಲ್ಕನೆಯ ಮಟ್ಟಕ್ಕೆ ಏರಿಸಲಾಗಿದೆ. ಕೇಕಿಗೆ ಎಷ್ಟು ಮೊಟ್ಟೆ ಹಾಕಬೇಕು ಎಂದು ಹೇಳುವಷ್ಟು ಸಲೀಸಾಗಿ ಹೇಳಿ ಅವಳು ಕ್ರಿಕೆಟ್ ಸ್ಕೋರಿಗೆ ಹೋಗಿಬಿಟ್ಟಿದ್ದಳು. ಏರಿಸಲಾಗಿದೆಯಂತೆ. ಅಡಿಲೇಡಿನ ಯಾವುದೋ ತಂಪು ಕೋಣೆಯಲ್ಲಿ ಯಾರೋ ಏರಿಸಿರಬಹುದು. ಮಿಲ್ಬರಾ ಊರಿನಲ್ಲಿ ಅದು ಏರಬೇಕಾದರೆ ಕ್ಲೆಮ್ ನಾಸ್ಕಿಯ ಕೈ ಮೇಲೇಳಬೇಕು, ಅದು ಎದ್ದಿರಲಿಲ್ಲ. ಎದುರಿಗಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ತಗಡಿನ ಮಾಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ಹೆಂಡತಿ ಬೆವರ್ಲಿ ಆಸ್ಪತ್ರೆಯ ಅಡುಗೆಮನೆಯಿಂದ ಬರುವುದು ಮೂರಕ್ಕೆ, ಅಲ್ಲಿಯವರೆಗೆ ಅವನನ್ನು ಕೇಳುವವರು ಯಾರೂ ಇಲ್ಲ. ಕೇಳುವವರಿಲ್ಲ ಎನ್ನುವುದೇ ಅವನಿಗೆ ಹೆಚ್ಚು ಭಯ ತಂದಿತ್ತು.

ಧಾನ್ಯದ ಕಣಜಗಳ ಎದುರಿಗೆ, ಹೆದ್ದಾರಿಯಿಂದ ಊರಿನ ರಸ್ತೆ ಒಡೆಯುವ ಜಾಗದಲ್ಲಿ, ಆಳೆತ್ತರದ ಅರ್ಧ ಚಕ್ರದಂಥ ಹಲಗೆ ನಿಂತಿದೆ. ಹಸಿರು, ಹಳದಿ, ಕಿತ್ತಳೆ, ಕೆಂಪು. ನಡುವೆ ಕಬ್ಬಿಣದ ಬಾಣ. ಬೇರೆ ಊರುಗಳಲ್ಲಿ ಅದು ನೋಡಿ ಮುಂದೆ ಹೋಗುವ ಹಲಗೆ ಅಷ್ಟೆ. ಆದರೆ ಮಿಲ್ಬರಾದಲ್ಲಿ, ಹನ್ನೊಂದು ವರ್ಷದ ಹಿಂದೆ ಒಂದು ಕೊಯ್ಲಿನ ಯಂತ್ರದಿಂದ ಹಾರಿದ ಕಿಡಿಗೆ ನಾಲ್ಕು ಹೊಲ, ಮುನ್ನೂರು ಕುರಿ, ಒಬ್ಬ ಮನುಷ್ಯ ಹೋದ ಮೇಲೆ, ರೈತರೆಲ್ಲ ಸಭಾಂಗಣದಲ್ಲಿ ಕೂತು ಒಂದು ಮಾತು ಮಾಡಿಕೊಂಡಿದ್ದರು. ಫೋನಿನಲ್ಲಿ ಏನಾದರೂ ಬರಲಿ, ರೇಡಿಯೋ ಏನಾದರೂ ಹೇಳಲಿ, ಬಾಣ ಕೆಂಪಿಗೆ ಹೋದ ಗಳಿಗೆಗೆ ಎಲ್ಲರ ಯಂತ್ರವೂ ನಿಲ್ಲಬೇಕು, ಅಲ್ಲಿಯವರೆಗೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಎಲ್ಲರಿಗೂ ಕಾಣುವುದು ಅದೊಂದೇ ಎಂದು. ಬಾಣ ತಿರುಗಿಸುವ ಕೆಲಸ ಕ್ಲೆಮ್‌ಗೆ ಬಂದದ್ದು ಅವನ ಮಂಡಿ ಹೋದ ಮೇಲೆ. ಇಪ್ಪತ್ತಾರು ವರ್ಷ ಬೆಂಕಿ ನಂದಿಸುವ ಲಾರಿಯ ಮೇಲೆ ನಿಂತಿದ್ದವನನ್ನು ಕೆಳಗಿಳಿಸಿ, ಪಾಪ ಬೇಜಾರು ಮಾಡಿಕೊಳ್ಳದಿರಲಿ ಎಂದು ಕೈಗೊಂದು ಕೊಕ್ಕೆಯ ಕೋಲು ಕೊಟ್ಟಿದ್ದರು. ಅವನು ಅದನ್ನು ಎಲ್ಲರೂ ಅಂದುಕೊಂಡದ್ದಕ್ಕಿಂತ ಗಂಭೀರವಾಗಿ ತೆಗೆದುಕೊಂಡುಬಿಟ್ಟ. ದಿನಾ ಆರು ಗಂಟೆಗೆ, ಮಂಡಿ ಊದಿದ್ದರೂ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ನೆನಪಾಗಿ ಅವನಿಗೆ ಈಗ ಮೈಯೆಲ್ಲ ಹಿಡಿಯಾಯಿತು.

ತಪ್ಪಾದದ್ದು ಕಳೆದ ವರ್ಷ. ಮುನ್ಸೂಚನೆ ಕಿತ್ತಳೆ ಎಂದಿತ್ತು. ಅವನು ಬೆಳಿಗ್ಗೆ ಹಲಗೆಯ ಹತ್ತಿರ ನಿಂತು ಮೂಗೆಳೆದುಕೊಂಡಾಗ ಗಾಳಿಯಲ್ಲಿ ಏನೋ ಸರಿಯಿಲ್ಲ ಎನ್ನಿಸಿತ್ತು, ಯಾರನ್ನೂ ಕೇಳದೆ ಬಾಣವನ್ನು ಕೆಂಪಿಗೆ ಏರಿಸಿಬಿಟ್ಟಿದ್ದ. ಊರಿನ ಯಂತ್ರಗಳೆಲ್ಲ ನಿಂತವು. ಮಧ್ಯಾಹ್ನ ಸಣ್ಣ ತಂಗಾಳಿ ಬಂತು, ಸಂಜೆ ಮಳೆ ಬಂತು, ಆ ಮಳೆ ಮೂರು ದಿನ ಹಿಡಿಯಿತು. ನಿಂತ ಗೋಧಿ ತೆನೆಯಲ್ಲೇ ಮೊಳೆತು ಹಂದಿಗಳಿಗೆ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ರಿಸ್ಮಸ್ ಊಟದ ದಿನ ಸಭಾಂಗಣದಲ್ಲಿ ಅರವತ್ತು ಜನರ ಮುಂದೆ ರೈತ ಡಾರ್ಸಿ ಲಿಂಡ್‌ನರ್ ಅವನನ್ನು ಹೆಸರು ಹಿಡಿದು ಕರೆದು, ರಿಬ್ಬನ್ ಕಟ್ಟಿದ ಒಂದು ಟೊಮೇಟೊ ಸಾಸಿನ ಬಾಟಲಿ ಕೈಗೆ ಕೊಟ್ಟ. ಮುಂದಿನ ಸಲ ಕೆಂಪು ಬೇಕೆನಿಸಿದರೆ ನೀನು ತಿನ್ನುವ ಮಾಂಸದ ಪೈಗೆ ಹಾಕಿಕೋ, ನಮ್ಮ ಹೊಲ ಬಿಡು ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕ್ಲೆಮ್ ಕೂಡ ನಕ್ಕ, ಬಾಟಲಿಯನ್ನು ಎತ್ತಿ ತೋರಿಸಿದ, ತಲೆ ಬಾಗಿಸಿದ. ಬೆವರ್ಲಿಯೂ ನಗುತ್ತಿದ್ದುದನ್ನು ಓರೆಗಣ್ಣಿನಲ್ಲಿ ನೋಡಿದ. ಅಂದಿನಿಂದ ಅವನು ಕೆಂಪು ಕ್ಲೆಮ್. ಬಾಟಲಿ ಇನ್ನೂ ಕಪಾಟಿನ ಮೇಲಿನ ಅರೆಯಲ್ಲಿ ಮುಚ್ಚಳ ತೆಗೆಯದೇ ಇದೆ. ಬಿಸಾಡಿದರೆ ನೋವಾಗಿದೆ ಎಂದು ಬೆವರ್ಲಿಗೆ ಗೊತ್ತಾಗುತ್ತದೆ, ಅದಕ್ಕೇ ಇಟ್ಟುಕೊಂಡಿದ್ದ.

ಇವತ್ತು ಬೆಳಿಗ್ಗೆ ಕಣಜದ ಮುಂದೆ ಹದಿನಾರು ಲಾರಿಗಳು ಸಾಲಾಗಿ ನಿಂತಿದ್ದವು. ಕೊಯ್ಲಿಗೆ ಕೊನೆಯ ಎರಡು ದಿನ ಉಳಿದಿತ್ತು. ಮೊದಲ ಲಾರಿ ಡಾರ್ಸಿಯದೇ. ಕ್ಲೆಮ್ ಕೋಲು ಎತ್ತಿ ಕೊಕ್ಕೆಯನ್ನು ಬಾಣದ ಬಳೆಗೆ ಸಿಕ್ಕಿಸಿದ್ದ, ಎತ್ತಿ ತಳ್ಳುವುದಷ್ಟೇ ಬಾಕಿ. ಕಿತ್ತಳೆಯ ಕೊನೆಯಲ್ಲಿ ಒಂದು ತಿರುಪು ಅಡ್ಡ ಬರುತ್ತದೆ, ಬಾಣವನ್ನು ಸ್ವಲ್ಪ ಮೇಲೆತ್ತಿ ದಾಟಿಸಬೇಕು, ಅದು ಅವನೊಬ್ಬನಿಗೇ ಗೊತ್ತು. ಅಷ್ಟರಲ್ಲಿ ಡಾರ್ಸಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಿಟ್ಟಿಲ್ಲದೆ, ಸ್ನೇಹದಲ್ಲೇ ಕೇಳಿದ.

“ಏನ್ ಕ್ಲೆಮ್, ಸಾಸ್ ತಂದಿದ್ದೀಯಾ?”

ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಅಷ್ಟೇ ಆದದ್ದು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ ಎಂದು ಅವನು ಬೆಳಗಿನಿಂದ ಎಷ್ಟು ಸಲ ಹೇಳಿಕೊಂಡಿದ್ದನೋ. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಎಲ್ಲರ ಜೇಬಿನಲ್ಲೂ ಫೋನಿದೆ, ನಾಲ್ಕನೆಯ ಮಟ್ಟ ಅಂತ ಅವರಿಗೆ ಗೊತ್ತಿಲ್ಲವೇ, ನಾನೇ ಯಾಕೆ ಹೇಳಬೇಕು, ಒಂಬತ್ತು ಗಂಟೆಗೆ ನೋಡೋಣ, ಗಾಳಿ ಏಳದೇ ಇದ್ದರೂ ಇರಬಹುದು. ಹೀಗೆಲ್ಲ ಅಂದುಕೊಳ್ಳುತ್ತ ಅವನು ಎಷ್ಟು ಹೊತ್ತು ನಿಂತನೋ ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಕೊಕ್ಕೆ ಬಿಡಿಸಿ, ಕೋಲನ್ನು ಕಂಬಕ್ಕೆ ಒರಗಿಸಿ, ಹಲಗೆಯ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸುವವನ ಹಾಗೆ ಎರಡು ಸಲ ಕೈಯಾಡಿಸಿ, ಬೇಕರಿಗೆ ಹೋಗಿ ಒಂದು ಮಾಂಸದ ಪೈ ತಿಂದ. ಸಾಸ್ ಬೇಕೇ ಎಂದು ಅಂಗಡಿಯವಳು ಕೇಳಿದಾಗ ಬೇಡ ಎಂದ. ಒಂಬತ್ತಾಯಿತು, ಹತ್ತಾಯಿತು, ಅವನು ಮನೆ ಬಿಟ್ಟು ಕದಲಲಿಲ್ಲ. ಗಾಳಿ ಎದ್ದಿತು.

ಐಲ್ಸಾ ಟ್ರೆವೊರೊ ನೆನಪಾಗಲಿಲ್ಲ ಎಂದರೆ ಸುಳ್ಳು. ಬೆಳಿಗ್ಗೆ ಕೋಲು ಕೆಳಗಿಳಿಸುವಾಗಲೇ ನೆನಪಾಗಿದ್ದಳು, ಅವನು ಆ ನೆನಪನ್ನು ಪಕ್ಕಕ್ಕೆ ಸರಿಸಿದ್ದ. ಎಂಬತ್ತೊಂದು ವರ್ಷದ ಮುದುಕಿ, ಊರಿಗೆ ಎರಡೂವರೆ ಕಿಲೋಮೀಟರ್ ದೂರದ ಗುಡ್ಡದ ಮೇಲೆ ಒಬ್ಬಳೇ ಇದ್ದಳು. ಹಿಂದೆ ಕುರುಚಲು ಕಾಡು, ಮುಂದೆ ಗೋಧಿ ಹೊಲ, ಹೋಗಿ ಬರಲು ಒಂದೇ ಜಲ್ಲಿ ರಸ್ತೆ. ಅಲ್ಲಿ ಫೋನಿನ ಸಿಗ್ನಲ್ ಸಿಗುವುದಿಲ್ಲ, ಗೋಡೆಯ ಹಳೆಯ ಫೋನೇ ಗತಿ. ಅಡುಗೆಮನೆಯ ಕಿಟಕಿಯ ಹತ್ತಿರ ಗಂಡನ ದೊಡ್ಡ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿಕೊಂಡಿದ್ದಳು, ಅದರ ಮೂತಿ ಯಾವಾಗಲೂ ಹಲಗೆಯ ಕಡೆಗೇ. ಬಾಣ ಕಿತ್ತಳೆಗೆ ಬಂದರೆ ಚೀಲ ಕಟ್ಟುವುದು, ಕೆಂಪಿಗೆ ಹೋದರೆ ಹಳೆಯ ಬಿಳಿ ಕಾರು ಹತ್ತಿ ಊರಿನಲ್ಲಿರುವ ನಾದಿನಿ ವರ್ನಾಳ ಮನೆಗೆ ಹೊರಡುವುದು, ಇದು ಅವಳ ಕಟ್ಟುನಿಟ್ಟು. ಒಂದು ಸಲ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಅವನನ್ನು ನಿಲ್ಲಿಸಿಕೊಂಡು ಹೇಳಿದ್ದಳು, ರೇಡಿಯೋ ಅಡಿಲೇಡಿನಲ್ಲಿ ಕೂತು ಮಾತಾಡುತ್ತದಪ್ಪ, ನೀನು ಇಲ್ಲಿ ನಿಂತಿರುತ್ತೀಯ, ನಾನು ನಿನ್ನನ್ನೇ ನಂಬುವುದು ಎಂದು. ಆ ದಿನ ಅವನು ಮನೆಗೆ ಬಂದು ಅದನ್ನು ಬೆವರ್ಲಿಗೆ ಹೇಳಿರಲಿಲ್ಲ. ಹೇಳಿದರೆ ಕಡಿಮೆಯಾಗಿಬಿಡುತ್ತದೆ ಎನ್ನಿಸಿತ್ತು.

ಈಗ ಅವಳ ಆ ಗೋಡೆಯ ಫೋನಿಗೆ ಮಾಡಿದ. ರಿಂಗ್ ಆಗುತ್ತಿತ್ತು. ಹದಿನೆಂಟು ಸಲ ಆಯಿತು, ಅವಳು ಎತ್ತಲಿಲ್ಲ. ಕೋಳಿಗೂಡಿಗೆ ಹೋಗಿರಬಹುದು. ಸ್ನಾನಕ್ಕೆ ಹೋಗಿರಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದ. ಈ ಬಾರಿ ಆ ಒಂಟಿ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿರುವುದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹಸಿರು ಹಾಸಿನ ನೆಲ, ಆ ನೆಲದ ಮೇಲೆ ಬಿದ್ದ ಚಪ್ಪಲಿ, ಚಪ್ಪಲಿಯ ಆಚೆ ಬೋರಲು ಬಿದ್ದ ಅವಳು, ಫೋನಿನ ಕಡೆಗೆ ಚಾಚಿದ ಕೈ. ಕಿತ್ತಳೆ ನೋಡಿ ಚೀಲ ಕಟ್ಟಲು ಬಗ್ಗಿ, ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದಾಳೆ. ಇಲ್ಲ, ದುರ್ಬೀನಿನ ಮುಂದೆ ಕೂತಿದ್ದಾಳೆ, ಬಾಣ ಕದಲುವುದನ್ನೇ ಕಾಯುತ್ತಿದ್ದಾಳೆ, ಫೋನು ಎತ್ತಲು ಎದ್ದರೆ ಎಲ್ಲಿ ತಪ್ಪಿಹೋಗುತ್ತದೋ ಎಂದು ಏಳುತ್ತಿಲ್ಲ. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಕಿಟಕಿಯ ಹೊರಗೆ ಮ್ಯಾಗ್‌ಪೈ ಹಕ್ಕಿಗಳು ನಲ್ಲಿಯ ಕೆಳಗೆ ಕೊಕ್ಕು ತೆರೆದುಕೊಂಡು ನಿಂತಿದ್ದವು. ಪಶ್ಚಿಮದಲ್ಲಿ ಮೋಡ ಆಗಲೇ ಕಾಣುತ್ತಿತ್ತು. ಎರಡು ಗಂಟೆಗೆ ಎಂದಿದ್ದರು, ಈಗಿನ್ನೂ ಒಂದು. ಅವನು ಪಿಕಪ್ಪಿನ ಕೀಲಿಗಾಗಿ ಜೇಬು ಹುಡುಕಿ ಹೊರಟ.

ಹಲಗೆಯ ಮುಂದೆಯೇ ಹಾದು ಹೋಗಬೇಕು. ಕೋಲು ಇಟ್ಟಲ್ಲೇ ಕಂಬಕ್ಕೆ ಒರಗಿತ್ತು. ಇಳಿದು ಎತ್ತಿ ತಳ್ಳಲು ಅರ್ಧ ನಿಮಿಷ ಸಾಕು. ಲಾರಿಗಳ ಸಾಲು ಇನ್ನೂ ಇತ್ತು, ಧೂಳಿನಲ್ಲಿ ಮುಖಗಳು ಕಾಣುತ್ತಿರಲಿಲ್ಲ, ಆದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಈಗ ತಿರುಗಿಸಿದರೆ ಬೆಳಿಗ್ಗೆ ಯಾಕೆ ತಿರುಗಿಸಲಿಲ್ಲ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸಾಯುವುದು ಮೇಲು ಎಂದು ಐವತ್ತೊಂಬತ್ತು ವರ್ಷದ, ಮೊಮ್ಮಕ್ಕಳಿರುವ ಮನುಷ್ಯನಿಗೆ ಆ ಕ್ಷಣ ನಿಜವಾಗಿಯೂ ಅನ್ನಿಸಿತು. ಮೊದಲು ಮುದುಕಿ, ಆಮೇಲೆ ಬಾಣ ಎಂದುಕೊಂಡ. ನ್ಯಾಯವಾದ ಮಾತಿನ ಹಾಗೆ ಕೇಳಿಸಿತು. ಪಿಕಪ್ಪು ನಿಲ್ಲಲಿಲ್ಲ. ಬಾಣದ ನೆರಳು ಗಾಜಿನ ಮೇಲೆ ಹಾದುಹೋದಾಗ ಅವನು ಎದುರಿಗಿದ್ದ ರಸ್ತೆಯನ್ನೇ ನೋಡಿದ.

ಜಲ್ಲಿ ರಸ್ತೆಯ ಎಡಕ್ಕೆ ಡಾರ್ಸಿಯ ಹೊಲ. ಅವನ ಯಂತ್ರ ದೂರದಲ್ಲಿ ತನ್ನದೇ ಧೂಳಿನೊಳಗೆ ಹೋಗುತ್ತಿತ್ತು, ಹಿಂದೆ ಒಣಗಿದ ಕೂಳೆ. ಗಾಳಿಗೆ ಪಿಕಪ್ಪು ಪಕ್ಕಕ್ಕೆ ವಾಲುತ್ತಿತ್ತು. ನೀಲಗಿರಿ ಜಾತಿಯ ಗಮ್ ಮರಗಳ ತೊಗಟೆ ಉದ್ದುದ್ದ ಸೀಳಿ ರಸ್ತೆಗೆ ಅಡ್ಡ ಹಾರುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಅವನು ಲಾರಿಯ ಮೇಲೆ ನಿಂತು ಬಂದಿದ್ದ. ಅವತ್ತು ಬೆಂಕಿ ಅವರ ಎದುರಿಗಿರಲಿಲ್ಲ, ಪಕ್ಕದಲ್ಲಿ ಅವರ ಜೊತೆಗೇ ಓಡುತ್ತಿತ್ತು, ಉದ್ದಕ್ಕೆ, ತೆಳ್ಳಗೆ, ಇನ್ನೇನು ದಾಟಿಹೋಯಿತು ಅನ್ನುವಷ್ಟರಲ್ಲಿ ಗಾಳಿ ನೈಋತ್ಯಕ್ಕೆ ತಿರುಗಿ ಆ ಪಕ್ಕೆಯೇ ಮುಖವಾಗಿ ಅವರ ಮೇಲೆ ಬಂದಿತ್ತು. ಸತ್ತವನು ಅವನ ಎಡಗಡೆ ನಿಂತಿದ್ದ. ಅವನು ಕೊನೆಗೆ ಹೇಳಿದ್ದು ನೀರಿದೆಯಾ ಎಂದು. ಕ್ಲೆಮ್ ಇದೆ ಎಂದಿದ್ದ, ಇರಲಿಲ್ಲ. ಈಗ ಗೇರು ಬದಲಿಸುವಾಗ ಬಾಯಿಂದ ಇದೆ ಇದೆ ಎಂದು ಬರುತ್ತಿದ್ದುದು ಅವನಿಗೆ ಸ್ವಲ್ಪ ಹೊತ್ತು ಗೊತ್ತೇ ಆಗಲಿಲ್ಲ.

ಮನೆ ತೆರೆದಿತ್ತು. “ಮಿಸೆಸ್ ಟ್ರೆವೊರೊ” ಎಂದು ಕರೆದ. ಕಾರಿನ ಕೊಟ್ಟಿಗೆಯ ಬಾಗಿಲು ಹಾಕಿದ್ದರಿಂದ ಕಾರು ಇದೆಯೋ ಇಲ್ಲವೋ ತಿಳಿಯಲಿಲ್ಲ. ಸ್ನಾನದ ತೊಟ್ಟಿಯಲ್ಲಿ ಅಂಚಿನವರೆಗೆ ನೀರು. ಕೋಳಿಗೂಡಿನ ಕದ ತೆಗೆದು ಕೋಳಿಗಳನ್ನು ಬಿಟ್ಟಾಗಿತ್ತು. ಹಸಿರು ಹಾಸಿನ ನೆಲದ ಮೇಲೆ ಯಾರೂ ಬಿದ್ದಿರಲಿಲ್ಲ. ಮೇಜಿನ ಮೇಲೆ ಒಂದು ಲೋಟ ನೀರು, ಪಕ್ಕದ ಸಕ್ಕರೆ ಡಬ್ಬಿಯ ಕೆಳಗೆ, ಗಾಳಿಗೆ ಹಾರದ ಹಾಗೆ, ಒಂದು ಚೀಟಿ ಇತ್ತು. ಅದರ ಮೇಲೆ ಅವನದೇ ಹೆಸರು. ಡಬ್ಬಿ ಸರಿಸಿ ಓದಿದ.

“ಕ್ಲೆಮ್, ಬೆಳಿಗ್ಗೆ ನೀನು ಬಾಣದ ಕೆಳಗೆ ಕೈಯೆತ್ತಿಕೊಂಡು ನಿಂತಿದ್ದನ್ನ ನೋಡಿದೆ. ಹನ್ನೆರಡು ನಿಮಿಷ. ಅಷ್ಟು ಹೊತ್ತು ನೀನು ಯಾವತ್ತೂ ನಿಂತಿರಲಿಲ್ಲ. ಅದಕ್ಕೇ ವರ್ನಾ ಮನೆಗೆ ಹೊರಟೆ. ಆಮೇಲೆ ನೀನು ಇಲ್ಲಿಗೆ ಬಂದೇ ಬರ್ತೀಯ ಅಂತ ಗೊತ್ತು. ನೀರು ಕುಡಿದು ತಕ್ಷಣ ಹೊರಡು.”

ಜೀವ ಉಳಿಯಿತು ಎಂದು ಸಂತೋಷವಾಗಬೇಕಿತ್ತು. ಆಯಿತು ಕೂಡ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ನಾಚಿಕೆ ಬಂತು. ಸಾಸಿನ ಬಾಟಲಿಯದು ಇದರ ಮುಂದೆ ಏನೂ ಅಲ್ಲ. ಹದಿನಾರು ಲಾರಿಗಳವರು ಕಂಡದ್ದು ಧೂಳು ಒರೆಸುತ್ತಿದ್ದ ಒಬ್ಬ ಕುಂಟನನ್ನು. ಇವಳು ಎರಡೂವರೆ ಕಿಲೋಮೀಟರ್ ದೂರದಿಂದ ಅವನನ್ನು ಒಳಗಿನ ಪದರದವರೆಗೂ ನೋಡಿಬಿಟ್ಟಿದ್ದಳು, ನೋಡಿ, ಗಡಿಯಾರ ಇಟ್ಟು ಎಣಿಸಿ, ಸಿಟ್ಟು ಮಾಡಿಕೊಳ್ಳದೆ ಅವನಿಗೆ ನೀರು ತುಂಬಿಟ್ಟು ಹೋಗಿದ್ದಳು. ಇಷ್ಟು ವರ್ಷ ಅವಳು ಬಾಣವನ್ನು ನೋಡುತ್ತಾಳೆ ಎಂದುಕೊಂಡಿದ್ದ. ಅವಳ ಕುರ್ಚಿಯಲ್ಲೇ ಕೂತ. ಗೋಡೆಯ ಫೋನು ಹೊಡೆದುಕೊಳ್ಳಲು ಶುರುವಾಯಿತು. ಕೈಗೆಟುಕುವ ದೂರದಲ್ಲೇ ಇತ್ತು. ಅವನು ಎತ್ತಲಿಲ್ಲ. ಯಾರ ದನಿಯಾದರೂ ಸರಿ, ಅದಕ್ಕೆ ತನ್ನ ದನಿಯನ್ನು ಕೇಳಿಸುವುದು ಅವನಿಂದ ಸಾಧ್ಯವಿರಲಿಲ್ಲ. ಹೊಡೆದು ಹೊಡೆದು ನಿಂತಿತು. ಅದೇ ಹೊತ್ತಿಗೆ ಪಶ್ಚಿಮದಲ್ಲಿ ಸಿಡಿಲು ಬಿತ್ತು, ಹನಿ ನೀರಿಲ್ಲದ ಬರಿಯ ಸದ್ದು, ಮತ್ತೆ ಇನ್ನೊಂದು. ಅವನು ತಲೆಯೆತ್ತುವಷ್ಟರಲ್ಲಿ ಡಾರ್ಸಿಯ ಹೊಲದ ಆಚೆ ಹೊಗೆ ಎದ್ದಿತ್ತು. ಸಿಡಿಲಿನ ಕೆಳಗೋ, ಯಂತ್ರದ ಧೂಳಿನ ಒಳಗೋ, ಎಲ್ಲಿಂದ ಎದ್ದಿತು ಎಂದು ಅವನು ಆಮೇಲೆ ಎಷ್ಟು ನೆನಪಿಸಿಕೊಂಡರೂ ಹೇಳಲಾರದೆ ಹೋದ.

ಹೊಗೆ ಮೊದಲು ಬೆಳ್ಳಗಿತ್ತು, ನೋಡನೋಡುತ್ತ ಕಂದಾಯಿತು. ಏಳಬೇಕು ಎಂದು ತಲೆ ಹೇಳಿತು. ಮೈ ಕೇಳಲಿಲ್ಲ. ಇಲ್ಲೇ ಕೂತರೆ ಇನ್ನು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಯಾವ ಪ್ರಶ್ನೆಯೂ ಇಲ್ಲ, ಮುದುಕಿಯನ್ನು ಕರೆತರಲು ಹೋಗಿ ಹೋದ ಎನ್ನುತ್ತಾರೆ, ಸಭಾಂಗಣದ ಗೋಡೆಯ ಮೇಲೆ ಹೆಸರು ಬರೆಸುತ್ತಾರೆ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅದಕ್ಕೇ ಅವನಿಗೆ ಭಯವಾಯಿತು, ಬೆಂಕಿಗಿಂತ ಹೆಚ್ಚಾಗಿ. ಕಣ್ಣು ಎಲ್ಲಾದರೂ ಇಡಬೇಕಿತ್ತು, ದುರ್ಬೀನಿಗೆ ಇಟ್ಟ. ಹಲಗೆ ಕೈಗೆ ಸಿಗುವಷ್ಟು ಹತ್ತಿರ ನಿಂತಿತ್ತು. ಬಾಣ ಕಿತ್ತಳೆಯಲ್ಲಿ, ಅವನು ಬಿಟ್ಟಲ್ಲೇ. ಅದರ ಕೆಳಗೆ ಹೂವಿನ ಉಡುಪಿನ, ಗಿಡ್ಡನೆಯ ಒಂದು ಆಕೃತಿ, ಎರಡು ಕೈಯಲ್ಲೂ ಕೋಲು ಹಿಡಿದು, ಕೊಕ್ಕೆಯನ್ನು ಬಳೆಗೆ ಸಿಕ್ಕಿಸಲು ಒದ್ದಾಡುತ್ತಿತ್ತು. ವರ್ನಾಳ ಮನೆ ಕಣಜದ ಹಿಂದೆಯೇ. ಅವನ ಪಿಕಪ್ಪು ಹಾದುಹೋದದ್ದನ್ನು ಐಲ್ಸಾ ಅಲ್ಲಿಂದ ನೋಡಿರಬೇಕು, ಫೋನು ಮಾಡಿದವಳೂ ಅವಳೇ ಇರಬೇಕು. ಕೊಕ್ಕೆ ಸಿಕ್ಕಿತು. ಬಾಣ ಏರಿತು, ತಿರುಪಿನ ಹತ್ತಿರ ನಿಂತಿತು. ಎತ್ತಿ ತಳ್ಳಿ, ಎತ್ತಿ, ಎಂದು ಕ್ಲೆಮ್ ಗಾಜಿಗೆ ಹೇಳಿದ. ಅವಳು ತಳ್ಳಿದಳು, ಬರಲಿಲ್ಲ, ಮತ್ತೆ ತಳ್ಳಿದಳು. ಲಾರಿಯಿಂದ ಒಬ್ಬ ದೊಡ್ಡ ಮನುಷ್ಯ ಇಳಿದು ಓಡಿಬಂದ. ಓಡುವ ರೀತಿಯಲ್ಲೇ ಡಾರ್ಸಿ ಎಂದು ತಿಳಿಯಿತು, ಇನ್ನೊಂದು ಲೋಡು ತಂದಿದ್ದಿರಬೇಕು. ಇಬ್ಬರೂ ಸೇರಿ ಎತ್ತಿದರು. ಬಾಣ ಕೆಂಪಿಗೆ ಹೋಯಿತು. ಸಾಲಿನ ಲಾರಿಗಳು ಒಂದೊಂದಾಗಿ ಕದಲಿದವು. ಅವಳು ಮಾತ್ರ ಕದಲಲಿಲ್ಲ, ಕೋಲು ಊರಿಕೊಂಡು ಗುಡ್ಡದ ಕಡೆಗೆ, ತನ್ನ ಕಿಟಕಿಯ ಕಡೆಗೆ ಮುಖ ಮಾಡಿ ನಿಂತಳು. ಆ ಗುಡ್ಡದ ಮೇಲೆ ಬಾಣವನ್ನು ನೋಡುವವನು ಅವನೊಬ್ಬನೇ ಇದ್ದ. ಅವನು ಎದ್ದ.

ದಾರಿಯ ಬಗ್ಗೆ ಅವನಿಗೆ ನೆನಪಿರುವುದು ಕಡಿಮೆ. ಹಗಲಿನಲ್ಲೇ ದೀಪ ಹಾಕಿಕೊಂಡದ್ದು, ಹೊಗೆಯೊಳಗಿಂದ ಒಂದು ಕಾಂಗರೂ ಗಾಜಿನ ಮುಂದೆಯೇ ಹಾರಿದ್ದು, ಕುಡಿಯಲು ಮರೆತ ನೀರು. ಹೆದ್ದಾರಿ ಕಂಡಾಗ ಗಾಳಿ ಇದ್ದಕ್ಕಿದ್ದಂತೆ ನಿಂತಿತು, ಎರಡು ನಿಮಿಷ ಒಂದು ಎಲೆಯೂ ಅಲುಗಲಿಲ್ಲ, ಆಮೇಲೆ ನೈಋತ್ಯದಿಂದ ತಣ್ಣಗೆ ಎದುರಿನ ಗಾಜಿಗೆ ಬಡಿಯಿತು. ರೇಡಿಯೋದ ಹೆಂಗಸು ಹೇಳಿದ್ದು ಒಂದೂ ಸುಳ್ಳಾಗಲಿಲ್ಲ. ಅವನು ಹಲಗೆಯ ಹತ್ತಿರ ಇಳಿದು ತಿರುಗಿ ನೋಡಿದಾಗ ಬೆಂಕಿಯ ಪಕ್ಕೆ ಮುಖವಾಗಿ ಗುಡ್ಡ ಹತ್ತುತ್ತಿತ್ತು. ಹೊಗೆಯ ನಡುವೆ ಐಲ್ಸಾಳ ಮನೆಯ ತಗಡಿನ ಮಾಡು ಒಂದು ಸಲ ಹೊಳೆಯಿತು, ಆಮೇಲೆ ಕಾಣಲಿಲ್ಲ.

ಬೆಂಕಿಯ ಲಾರಿಗಳು ಕೂಗಿಕೊಂಡು ಹೋದವು. ಡಾರ್ಸಿ ಅವನ ಹತ್ತಿರ ಬಂದ. ಯಂತ್ರದ ಮೇಲಿದ್ದ ಅವನ ತಮ್ಮ ಇಳಿದು ಓಡಿ ತಪ್ಪಿಸಿಕೊಂಡಿದ್ದ, ಕೈ ಸುಟ್ಟಿತ್ತಂತೆ. ಡಾರ್ಸಿಯ ತುಟಿಯ ಮೇಲೆ ಧೂಳು ಕೆಸರಾಗಿತ್ತು. ಅವನ ಗಂಟಲಿನಲ್ಲಿ ಕ್ಲೆಮ್ ಇದುವರೆಗೆ ಕೇಳದ ಒಂದು ಸಣ್ಣ ದನಿ ಇತ್ತು.

“ಸಿಡಿಲೇ ಅಲ್ವಾ ಕ್ಲೆಮ್? ನೀನು ಮೇಲೆ ಇದ್ದೆಯಲ್ಲ, ನೋಡಿರ್ತೀಯ. ಸಿಡಿಲೇ ತಾನೆ ಮಾರಾಯ?”

ಹೌದು ಎಂದರೆ ಇಬ್ಬರೂ ಉಳಿಯುತ್ತಿದ್ದರು. ಹಿಂದೊಮ್ಮೆ ನೀರಿದೆ ಎಂದ ಹಾಗೆ, ಅದೇ ಬಾಯಿ ಹೌದು ಎನ್ನಲು ತೆರೆಯಿತು.

“ಗೊತ್ತಿಲ್ಲ ಡಾರ್ಸಿ,” ಎಂದ. “ಬೆಳಿಗ್ಗೇನೇ ನಾನು ಇದನ್ನ ಏರಿಸಬೇಕಿತ್ತು. ನೀವೆಲ್ಲ ನಗ್ತೀರ ಅಂತ ಹೆದರಿ ಏರಿಸಲಿಲ್ಲ.”

ಡಾರ್ಸಿ ಬೂಟಿನಿಂದ ಜಲ್ಲಿಯನ್ನು ಸ್ವಲ್ಪ ಕೆದಕಿ ಲಾರಿಯ ಕಡೆಗೆ ಹೋದ. ಐಲ್ಸಾ ಟ್ರೆವೊರೊ ಇನ್ನೂ ಗುಡ್ಡವನ್ನೇ ನೋಡುತ್ತಿದ್ದಳು. ಕೋಲು ಇನ್ನೂ ಅವಳ ಕೈಯಲ್ಲೇ ಇತ್ತು. ಕ್ಷಮಿಸಿ ಎನ್ನಬೇಕೆಂದು ಅವನು ಹತ್ತಿರ ಹೋದ. ಅವಳು ಕೋಲನ್ನು ಅವನ ಕೈಗೆ ಕೊಟ್ಟಳು.

“ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಬರ್ತೀಯ?”

“ಆರಕ್ಕೆ,” ಎಂದ. ಇನ್ನೊಮ್ಮೆ ಹೇಳಿದ. “ಆರಕ್ಕೆ ಬರ್ತೀನಿ, ಮಿಸೆಸ್ ಟ್ರೆವೊರೊ.”

“ಸರಿ. ನಾನೂ ಬರ್ತೀನಿ,” ಎಂದಳು ಅವಳು. “ಇನ್ನು ನೋಡೋಕೆ ನನಗೆ ಕಿಟಕಿ ಇಲ್ಲವಲ್ಲ.”